ಕೌಂಟರ್ ಹಿಂದೆ ನಿಂತವರು ಮತ್ತು ಮನೆಗೆ ಬರುವ ಹೊಸ ಕಂಪ್ಯೂಟರ್

ಹೊಸ ಕಂಪ್ಯೂಟರ್ ಒಂದು ಬಂತು ಅಂದರೆ ಪತ್ರಿಕೆಗಳಲ್ಲಿ ನಾವು ಓದುವುದು ಯಾರ ಬಗ್ಗೆ? ಅದನ್ನು ಕಟ್ಟಿದ ಇಂಜಿನಿಯರುಗಳ ಬಗ್ಗೆ, ಕಂಪನಿಯ ಯಜಮಾನರ ಬಗ್ಗೆ, ಜಾಹೀರಾತಿನ ಬಗ್ಗೆ. ಅದನ್ನು ಗಿರಾಕಿಯ ಕೈಗೆ ಕೊಟ್ಟವರ ಸುದ್ದಿ ಎಲ್ಲೂ ಬರುವುದಿಲ್ಲ. ಇವತ್ತು ನಾನು ಅವರ ಬಗ್ಗೆಯೇ ಮಾತಾಡಬೇಕು ಅಂತ ಬಂದಿದ್ದೇನೆ. ನಿಮ್ಮಲ್ಲಿ ಹೆಚ್ಚಿನವರು ಬಿಕಾಂ, ಬಿಬಿಎ ಓದುತ್ತಿರುವವರು. ಹಿಂದಿನ ಸಾಲುಗಳಲ್ಲಿ ಮೊಬೈಲ್ ಅಂಗಡಿ, ಎಲೆಕ್ಟ್ರಾನಿಕ್ಸ್ ಶೋರೂಮುಗಳಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರೂ ಇದ್ದೀರಿ. ನನ್ನ ಮಾತು ಮುಖ್ಯವಾಗಿ ಹಿಂದಿನ ಸಾಲಿನವರಿಗೆ.

ನಾನು ಹೇಳಬೇಕಾಗಿರುವುದು ಇಷ್ಟೇ. ಜನ ಮೊದಲು ಕಂಡಿರದ ಒಂದು ಕಂಪ್ಯೂಟರ್ ಮನೆಗೆ ಹೋಗುತ್ತದೋ ಅಂಗಡಿಯಲ್ಲೇ ಉಳಿಯುತ್ತದೋ ಅನ್ನುವುದು ಎಷ್ಟೋ ಸಲ ತೀರ್ಮಾನವಾಗುವುದು ಅಂಗಡಿಯೊಳಗಿನ ಹತ್ತು ನಿಮಿಷದಲ್ಲಿ. ಆ ಹತ್ತು ನಿಮಿಷದಲ್ಲಿ ಸೇಲ್ಸ್‌ನವರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದು ಅವರ ಗುಣದ ಮಾತಲ್ಲ. ಅವರಿಗೆ ಸಂಬಳ ಹೇಗೆ ಸಿಗುತ್ತದೆ, ಯಾರು ಏನು ಕಲಿಸಿದ್ದಾರೆ, ಮೆಷಿನ್ ಮುಟ್ಟುವುದಕ್ಕೆ ಬಿಟ್ಟಿದ್ದಾರಾ ಇಲ್ಲವಾ, ಇವು ಅದನ್ನು ನಿರ್ಧಾರ ಮಾಡುತ್ತವೆ.

ಸೀರೆ ಅಂಗಡಿಯನ್ನು ನೆನಪು ಮಾಡಿಕೊಳ್ಳಿ. ನೀವು ಬಾಯಿ ಬಿಡುವ ಮೊದಲೇ ಅವರು ಇಪ್ಪತ್ತು ಸೀರೆ ಬಿಚ್ಚಿ ಹಾಸಿರುತ್ತಾರೆ. ಸೆರಗು ತೋರಿಸುತ್ತಾರೆ, ಭುಜದ ಮೇಲೆ ಹಾಕಿ ಕನ್ನಡಿ ಮುಂದೆ ನಿಲ್ಲಿಸುತ್ತಾರೆ. ಉಟ್ಟರೆ ಹೇಗೆ ಕಾಣುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಕಂಪ್ಯೂಟರ್ ಹಾಗಲ್ಲ. ಆಫ್ ಆಗಿರುವ ಕಂಪ್ಯೂಟರನ್ನು ಎಷ್ಟು ಹೊತ್ತು ನೋಡಿದರೂ ಅದರಿಂದ ನಮಗೇನು ಉಪಯೋಗ ಅಂತ ತಿಳಿಯುವುದಿಲ್ಲ. ಯಾರಾದರೂ ಅದನ್ನೂ ಬಿಚ್ಚಿ ಹಾಸಬೇಕು. ಬೆಲೆ ಬೇರೆ ಜಾಸ್ತಿ. ಏನು ಕೇಳಬೇಕು ಅಂತಲೂ ಗಿರಾಕಿಗೆ ಗೊತ್ತಿರುವುದಿಲ್ಲ. ಅವರು ನೋಡುವುದು ಎದುರಿಗೆ ನಿಂತವರ ಮುಖ.

ಇದು ಎಲ್ಲಿಂದ ಶುರುವಾಯಿತು ಅಂತ ನೋಡೋಣ. ಕಂಪ್ಯೂಟರ್ ಅಂಗಡಿ ಅನ್ನುವುದೇ ಮೊದಲು ಇರಲಿಲ್ಲ. 1975ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಡಿಕ್ ಹೈಸರ್ ಒಂದು ಅಂಗಡಿ ತೆರೆದರು. ಅದೇ ವರ್ಷದ ಕೊನೆಗೆ ಪಾಲ್ ಟೆರೆಲ್ ಅನ್ನುವವರು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಬೈಟ್ ಶಾಪ್ ತೆರೆದರು. 1976ರಲ್ಲಿ ಇಬ್ಬರು ಹುಡುಗರು ತಾವು ಮಾಡಿದ ಕಂಪ್ಯೂಟರಿನ ಸರ್ಕ್ಯೂಟ್ ಬೋರ್ಡ್ ಮಾರುವುದಕ್ಕೆ ಅವರನ್ನು ಹುಡುಕಿಕೊಂಡು ಬಂದರು. ಆಪಲ್ ಕಂಪನಿ ಕಟ್ಟಿದ ಸ್ಟೀವ್ ಜಾಬ್ಸ್ ಮತ್ತು ಸ್ಟೀವ್ ವೋಜ್ನಿಯಾಕ್. ಟೆರೆಲ್ 50 ಬೋರ್ಡ್ ತಗೊಳ್ಳುತ್ತೇನೆ, ಒಂದಕ್ಕೆ 500 ಡಾಲರ್ ಕೊಡುತ್ತೇನೆ ಅಂದರು. ಆದರೆ ಒಂದು ಷರತ್ತು ಹಾಕಿದರು. ಬಿಡಿಭಾಗಗಳನ್ನು ಚೀಲದಲ್ಲಿ ತುಂಬಿ ಕೊಡಬೇಡಿ, ಬೆಸುಗೆ ಹಾಕಿ, ಪೂರ್ತಿ ಜೋಡಿಸಿ ಕೊಡಿ.

ಯಾಕೆ ಈ ಷರತ್ತು? ಟೆರೆಲ್ ದಿನಾ ಕೌಂಟರಿನಲ್ಲಿ ನಿಲ್ಲುವವರು. ಕಿಟ್ ಕೊಂಡುಹೋದ ಎಷ್ಟೋ ಜನಕ್ಕೆ ಬೆಸುಗೆ ಹಾಕುವುದಕ್ಕೆ ಬರುವುದಿಲ್ಲ ಅಂತ ಅವರು ಕಣ್ಣಾರೆ ಕಂಡಿದ್ದರು. ಆಪಲ್ ಕಂಪನಿಯ ಮೊದಲ ಕಂಪ್ಯೂಟರ್ ಜೋಡಿಸಿದ ಬೋರ್ಡಾಗಿ ಹೊರಗೆ ಬಂದದ್ದು ಅಂಗಡಿಯವರೊಬ್ಬರ ಮಾತಿನಿಂದ. ಅಂಗಡಿಯಲ್ಲಿ ಕೆಲಸ ಮಾಡುವವರೇ, ಇದನ್ನು ಗಮನಿಸಿ. ಗಿರಾಕಿಗೆ ಎಲ್ಲಿ ಕಷ್ಟವಾಗುತ್ತದೆ ಅಂತ ಮೊದಲು ಗೊತ್ತಾಗುವುದು ನಿಮಗೆ.

ಇನ್ನು ದೊಡ್ಡ ಕಥೆಗೆ ಬರುತ್ತೇನೆ. 1977ರ ಆಗಸ್ಟ್‌ನಲ್ಲಿ ಟ್ಯಾಂಡಿ ಕಂಪನಿ ಟಿಆರ್‌ಎಸ್-80 ಅನ್ನುವ ಕಂಪ್ಯೂಟರ್ ತಂದಿತು. ಟ್ಯಾಂಡಿ ಮೊದಲು ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಚರ್ಮದ ವ್ಯಾಪಾರ ಮಾಡುತ್ತಿದ್ದ ಕಂಪನಿ. 1963ರಲ್ಲಿ ರೇಡಿಯೋ ಶ್ಯಾಕ್ ಅನ್ನುವ ಅಂಗಡಿಗಳನ್ನು ಕೊಂಡಿತು. ರೇಡಿಯೋ, ಆಂಟೆನಾ, ಬ್ಯಾಟರಿ, ವೈರು, ರೆಸಿಸ್ಟರು ಮಾರುವ ಅಂಗಡಿಗಳು ಅವು. 1977ರ ಹೊತ್ತಿಗೆ ಅಂಥವು ಸುಮಾರು 3,500 ಇದ್ದವು. ಕಂಪನಿಯೊಳಗೆ ಕಂಪ್ಯೂಟರ್ ಬಗ್ಗೆ ಪೂರ್ತಿ ನಂಬಿಕೆ ಇರಲಿಲ್ಲ. ಅಂಗಡಿಗೊಂದರಂತೆ 3,500 ಮಾಡೋಣ, ಹೋಗದಿದ್ದರೆ ಅಂಗಡಿಗಳಲ್ಲೇ ಸ್ಟಾಕ್ ಲೆಕ್ಕ ಬರೆಯುವುದಕ್ಕೆ ಆಗುತ್ತದೆ ಅನ್ನುವ ಯೋಚನೆ ಅವರದು. ಮಾನಿಟರ್, ಕ್ಯಾಸೆಟ್ ರೆಕಾರ್ಡರ್ ಎಲ್ಲ ಸೇರಿ ಬೆಲೆ 599.95 ಡಾಲರ್. ಮೊದಲ ಒಂದೂವರೆ ತಿಂಗಳಲ್ಲೇ ಸುಮಾರು 10,000 ಹೋಯಿತು.

ಈಗ ಆ ಅಂಗಡಿಯೊಳಗೆ ಹೋಗೋಣ. ಒಬ್ಬ ಸೇಲ್ಸ್‌ಮನ್, ಹೆಚ್ಚೆಂದರೆ ಒಬ್ಬ ಮ್ಯಾನೇಜರ್. ನಿನ್ನೆಯವರೆಗೆ ಟಾರ್ಚಿಗೆ ಸೆಲ್ ಕೊಡುತ್ತಿದ್ದವರು. ಇವತ್ತು ಟೇಬಲ್ ಮೇಲೆ ಕಂಪ್ಯೂಟರ್ ಬಂದು ಕೂತಿದೆ. ಆನ್ ಮಾಡಿದರೆ ಪರದೆಯ ಮೇಲೆ ರೆಡಿ ಅನ್ನುವ ಒಂದು ಪದ, ಅಷ್ಟೇ. ಅದಕ್ಕೆ ಕಮಾಂಡ್ ಕೊಡುವ ಬೇಸಿಕ್ ಅನ್ನುವ ಭಾಷೆಯ ಮೊದಲ ರೂಪದಲ್ಲಿ ತಪ್ಪು ತೋರಿಸುವುದಕ್ಕೆ ಮೂರೇ ಸಂದೇಶ ಇದ್ದವು: ವಾಟ್, ಹೌ, ಸಾರಿ. ಕಮಾಂಡ್ ಅರ್ಥವಾಗದಿದ್ದರೆ ವಾಟ್. ಅರ್ಥವಾದರೂ ಮಾಡಲು ಬಾರದಿದ್ದರೆ ಹೌ. ಮೆಮೊರಿ ಸಾಲದಿದ್ದರೆ ಸಾರಿ. ಗಿರಾಕಿ ಏನೋ ಒಂದು ಒತ್ತುತ್ತಾರೆ, ಪರದೆ ವಾಟ್ ಅನ್ನುತ್ತದೆ. ಗಿರಾಕಿ ತಲೆಯೆತ್ತಿ ಸೇಲ್ಸ್‌ಮನ್ ಮುಖ ನೋಡುತ್ತಾರೆ. ಆ ಕ್ಷಣದಲ್ಲಿ ಅವನು ಪಕ್ಕಕ್ಕೆ ಬಂದು, ನಗುತ್ತಾ, ಸರಿಯಾಗಿ ಹೀಗೆ ಟೈಪ್ ಮಾಡಿ ಅಂತ ತೋರಿಸಿದರೆ ಮಾತು ಮುಂದುವರಿಯುತ್ತದೆ. ಅವನೂ ಮಿಕಮಿಕ ನೋಡಿದರೆ ಗಿರಾಕಿ ಬ್ಯಾಟರಿ ತಗೊಂಡು ಮನೆಗೆ ಹೋಗುತ್ತಾರೆ.

ಇನ್ನೊಂದು ಕಷ್ಟ ಇತ್ತು. ಪ್ರೋಗ್ರಾಂಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು, ನಾವು ಹಾಡು ಕೇಳುತ್ತಿದ್ದಂಥದೇ ಕ್ಯಾಸೆಟ್. ರೆಕಾರ್ಡರಿನ ವಾಲ್ಯೂಮ್ ಸರಿಯಾದ ಜಾಗದಲ್ಲಿ ಇದ್ದರೆ ಮಾತ್ರ ಪ್ರೋಗ್ರಾಂ ಲೋಡ್ ಆಗುತ್ತಿತ್ತು. ಸ್ವಲ್ಪ ಜಾಸ್ತಿಯಾದರೂ ಇಲ್ಲ, ಕಮ್ಮಿಯಾದರೂ ಇಲ್ಲ. ತಮ್ಮ ಅಂಗಡಿಯ ರೆಕಾರ್ಡರಿನ ಗುಂಡಿಯನ್ನು ಎಲ್ಲಿಗೆ ತಿರುಗಿಸಬೇಕು ಅಂತ ಕಲಿತುಕೊಂಡವರು ಗಿರಾಕಿಯ ಮುಂದೆ ಆಟ ಓಡಿಸಿ ತೋರಿಸಬಹುದಿತ್ತು. ಕಲಿಯದವರ ಹತ್ತಿರ ಅದೇ ಮೆಷಿನ್ ಕೆಟ್ಟುಹೋದ ಹಾಗೆ ಕಾಣುತ್ತಿತ್ತು. ಮೆಷಿನ್ ಒಂದೇ, ಬೆಲೆ ಒಂದೇ, ಕಂಪನಿ ಒಂದೇ. ವ್ಯತ್ಯಾಸ ಒಂದು ವಾಲ್ಯೂಮ್ ಗುಂಡಿಯ ಮೇಲಿಟ್ಟ ಕೈಯದು.

ಟ್ಯಾಂಡಿ ಒಂದು ಒಳ್ಳೆ ಕೆಲಸ ಮಾಡಿತ್ತು. ಅಂಗಡಿ ಮ್ಯಾನೇಜರುಗಳಿಗೆ ಬರಿ ಸಂಬಳ ಅಲ್ಲ, ಅವರವರ ಅಂಗಡಿಯ ಲಾಭದಲ್ಲಿ ಪಾಲು ಇತ್ತು. ಹಾಗಾಗಿ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಕೈಪಿಡಿ ಓದುವುದಕ್ಕೆ ಅವರಿಗೆ ಕಾರಣ ಇತ್ತು. ಕೈಪಿಡಿಯೂ ಚೆನ್ನಾಗಿತ್ತು. ಡೇವಿಡ್ ಲೀನ್ ಬರೆದದ್ದು, ಏನೂ ಗೊತ್ತಿಲ್ಲದವರು ಕೂತು ಕಲಿಯುವ ಹಾಗೆ. ಜೊತೆಗೆ ಅಂಗಡಿ ಪಕ್ಕದ ಬೀದಿಯಲ್ಲೇ ಇತ್ತು. ಕೆಟ್ಟರೆ ಎತ್ತಿಕೊಂಡು ಬಂದು ಕೇಳಬಹುದು ಅನ್ನುವ ಧೈರ್ಯ ಗಿರಾಕಿಗೆ. ಒಂದು ತಪ್ಪನ್ನೂ ಮಾಡಿದರು. ಹೊರಗಿನವರು ಬರೆದ ಪ್ರೋಗ್ರಾಂಗಳನ್ನು ಬಹಳ ಕಾಲ ಅಂಗಡಿಯಲ್ಲಿ ಇಡಲಿಲ್ಲ. ಇನ್ನೇನು ಸಿಗುತ್ತದೆ ಅಂತ ಕೇಳಿದ ಗಿರಾಕಿಗೆ ಸೇಲ್ಸ್‌ಮನ್ ಹತ್ತಿರ ಕೊಡುವುದಕ್ಕೆ ಜಾಸ್ತಿ ಏನೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಬೇರೆ ಥರ ಆಯಿತು. 1981ರಲ್ಲಿ ಸಿಂಕ್ಲೇರ್ ಕಂಪನಿಯ ಝೆಡ್‌ಎಕ್ಸ್81 ಬಂತು. ಬೆಲೆ 69.95 ಪೌಂಡ್. ಅದನ್ನು ಅದೇ ವರ್ಷ ಡಬ್ಲ್ಯೂ.ಎಚ್. ಸ್ಮಿತ್ ಅಂಗಡಿಗಳು ಮಾರುವುದಕ್ಕೆ ತಗೊಂಡವು. ಪುಸ್ತಕ, ಪತ್ರಿಕೆ, ಪೆನ್ನು ಮಾರುವ ಅಂಗಡಿ ಅದು. ಅಲ್ಲಿನ ಸಿಬ್ಬಂದಿಗೆ ಕಂಪ್ಯೂಟರ್ ಬಗ್ಗೆ ಏನು ಗೊತ್ತಿರಬೇಕು ಹೇಳಿ? ಆದರೆ ಸ್ಕೂಲ್ ಬಿಟ್ಟ ಮಕ್ಕಳು ಅಂಗಡಿಗೆ ನುಗ್ಗುತ್ತಿದ್ದರು. ಎರಡು ಸಾಲು ಟೈಪ್ ಮಾಡುತ್ತಿದ್ದರು. ಹತ್ತನೇ ಸಾಲಿನಲ್ಲಿ ತಮ್ಮ ಹೆಸರು ಪ್ರಿಂಟ್ ಮಾಡು, ಇಪ್ಪತ್ತನೇ ಸಾಲಿನಲ್ಲಿ ಮತ್ತೆ ಹತ್ತಕ್ಕೆ ಹೋಗು. ಪರದೆ ತುಂಬ ಹೆಸರೇ ಹೆಸರು. ಮಕ್ಕಳನ್ನು ಗದರಿಸಿ ಓಡಿಸುವುದೋ, ಅವರ ಪಾಡಿಗೆ ಬಿಡುವುದೋ ಅನ್ನುವುದು ಸಿಬ್ಬಂದಿಯ ಕೈಯಲ್ಲಿತ್ತು. ಬಿಟ್ಟ ಕಡೆ ಆ ಮಕ್ಕಳೇ ಡೆಮೊ ಕೊಡುವವರಾದರು. ತನ್ನ ಮಗನ ವಯಸ್ಸಿನ ಹುಡುಗ ಮೆಷಿನ್ ಓಡಿಸುವುದನ್ನು ನೋಡಿದ ಅಪ್ಪನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಗೊತ್ತಿಲ್ಲದ ಸಿಬ್ಬಂದಿ ಮಾಡಬಹುದಾದ ಅತ್ಯುತ್ತಮ ಕೆಲಸ ಇದು: ಗೊತ್ತಿರುವವರನ್ನು ತಡೆಯದೆ ಇರುವುದು.

ಇಲ್ಲಿ ಯಾರಾದರೂ ಎದ್ದು ಕೇಳಬಹುದು. ಸ್ವಾಮಿ, ಬೆಲೆ ಕಮ್ಮಿ ಮಾಡಿದರೆ ಸಾಕಲ್ವಾ, ಸೇಲ್ಸ್‌ನವರು ಯಾಕೆ ಬೇಕು? ಸರಿಯಾದ ಪ್ರಶ್ನೆ. ಕಮೋಡೋರ್ ಕಂಪನಿಯ ಜ್ಯಾಕ್ ಟ್ರೆಮಿಯೆಲ್ ನಂಬಿದ್ದು ಅದನ್ನೇ. 1981ರಲ್ಲಿ ಅಮೆರಿಕದಲ್ಲಿ ವಿಕ್-20 ತಂದರು, 299.95 ಡಾಲರಿಗೆ. ಅದನ್ನು ಕೆ-ಮಾರ್ಟ್‌ನಂಥ ಅಂಗಡಿಗಳಲ್ಲಿ ಇಟ್ಟರು. ಬಟ್ಟೆ, ಸೋಪು, ಆಟಿಕೆ ಮಾರುವ ಜಾಗ. ಗಿರಾಕಿ ತಾನೇ ಡಬ್ಬ ಎತ್ತಿ ಗಾಡಿಗೆ ಹಾಕಿಕೊಳ್ಳಬೇಕು. ಹತ್ತು ಲಕ್ಷ ಮಾರಾಟ ಕಂಡ ಮೊದಲ ಕಂಪ್ಯೂಟರ್ ಅದು. ಆಮೇಲೆ ಬಂದ ಕಮೋಡೋರ್ 64 ಅನ್ನುವ ಮಾಡೆಲ್ ಒಂದು ಕೋಟಿಗೂ ಜಾಸ್ತಿ ಹೋಯಿತು. ಹಾಗಾದರೆ ನನ್ನ ಮಾತು ಸುಳ್ಳಾಯಿತಾ?

ಇಲ್ಲ. ಅದರ ಮುಂದಿನ ಕಥೆ ಕೇಳಿ. 1982ರ ಆಗಸ್ಟ್‌ನಲ್ಲಿ ಕಮೋಡೋರ್ 64ರ ಬೆಲೆ 595 ಡಾಲರ್ ಇತ್ತು. ಶುರುವಿನಲ್ಲಿ ಅದನ್ನು ಮಾರಿದವರು ಸಣ್ಣ ಕಂಪ್ಯೂಟರ್ ಅಂಗಡಿಯವರು. ಗಿರಾಕಿಯನ್ನು ಕೂರಿಸಿ, ಡಿಸ್ಕ್ ಡ್ರೈವ್ ಅಂದರೇನು ಅಂತ ಹೇಳಿಕೊಟ್ಟವರು ಅವರು. ವರ್ಷ ತುಂಬುವುದರೊಳಗೆ ಬೆಲೆ 200 ಡಾಲರ್ ಹತ್ತಿರಕ್ಕೆ ಇಳಿಯಿತು, ದೊಡ್ಡ ಅಂಗಡಿಗಳಲ್ಲಿ ರಾಶಿ ಬಿತ್ತು. ಸಣ್ಣ ಅಂಗಡಿಯವರು ಹಳೇ ರೇಟಿಗೆ ತಂದು ಇಟ್ಟುಕೊಂಡ ಸ್ಟಾಕ್ ಹಾಗೇ ಉಳಿಯಿತು. ತಾವು ಕೊಂಡ ಬೆಲೆಗಿಂತ ಕಮ್ಮಿಗೆ ಪಕ್ಕದ ದೊಡ್ಡ ಅಂಗಡಿಯಲ್ಲಿ ಸಿಗುತ್ತಿದೆ. ಅವರು ಅದನ್ನು ಮರೆಯಲಿಲ್ಲ.

1985ರ ಜುಲೈನಲ್ಲಿ ಕಮೋಡೋರ್ ಅಮಿಗಾ ಅನ್ನುವ ಕಂಪ್ಯೂಟರನ್ನು ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಭರ್ಜರಿಯಾಗಿ ಬಿಡುಗಡೆ ಮಾಡಿತು. ಚಿತ್ರಕಲಾವಿದ ಆಂಡಿ ವಾರ್‌ಹಾಲ್ ವೇದಿಕೆ ಮೇಲೆ ಕೂತು ಗಾಯಕಿ ಡೆಬಿ ಹ್ಯಾರಿಯ ಚಿತ್ರವನ್ನು ಆ ಮೆಷಿನ್ನಿನಲ್ಲೇ ಬಣ್ಣ ಮಾಡಿ ತೋರಿಸಿದರು. 4,096 ಬಣ್ಣ, ಸ್ಟೀರಿಯೋ ಧ್ವನಿ, ಒಂದೇ ಸಮಯಕ್ಕೆ ಹಲವು ಪ್ರೋಗ್ರಾಂ ಓಡಿಸುವ ಶಕ್ತಿ. ಆ ಕಾಲಕ್ಕೆ ಮನೆ ಕಂಪ್ಯೂಟರಿನಲ್ಲಿ ಇಷ್ಟೆಲ್ಲ ಬೇರೆ ಎಲ್ಲೂ ಇರಲಿಲ್ಲ. ಬೆಲೆ 1,295 ಡಾಲರ್, ಮಾನಿಟರ್ ಬೇರೆ.

ಈ ಮೆಷಿನ್ನನ್ನು ಡಬ್ಬದಲ್ಲಿಟ್ಟು ಸೋಪಿನ ಪಕ್ಕ ಮಾರುವುದಕ್ಕೆ ಆಗುವುದಿಲ್ಲ. ತೋರಿಸಿಯೇ ಮಾರಬೇಕು. ತೋರಿಸುವುದಕ್ಕೆ ಒಂದು ಅದ್ಭುತವಾದ ಡೆಮೊ ಕೂಡ ಇತ್ತು. ಕೆಂಪು ಬಿಳಿ ಚೌಕದ ಒಂದು ಚೆಂಡು ಧಡ್ ಧಡ್ ಅಂತ ಪುಟಿಯುತ್ತಾ ತಿರುಗುತ್ತಿತ್ತು. ಮೇಲಿನ ಪರದೆಯನ್ನು ಮೌಸಿನಿಂದ ಹಿಡಿದು ಕೆಳಗೆ ಎಳೆದರೆ ಹಿಂದೆ ಆ ಚೆಂಡು ನಿಲ್ಲದೆ ಪುಟಿಯುತ್ತಲೇ ಇರುತ್ತಿತ್ತು. ಒಂದು ಕೆಲಸ ಮುಂದೆ, ಇನ್ನೊಂದು ಹಿಂದೆ, ಎರಡೂ ಒಟ್ಟಿಗೆ. ಪುಟಗಟ್ಟಲೆ ಜಾಹೀರಾತು ಹೇಳಲಾಗದ್ದನ್ನು ಸೇಲ್ಸ್‌ಮನ್ನಿನ ಒಂದು ಕೈ ಎಳೆತ ಹೇಳಿಬಿಡುತ್ತಿತ್ತು.

ಆದರೆ ಎಳೆದು ತೋರಿಸುವವರು ಎಲ್ಲಿ? ಕಮೋಡೋರ್ ಈಗ ಮತ್ತೆ ಅದೇ ಸಣ್ಣ ಕಂಪ್ಯೂಟರ್ ಅಂಗಡಿಗಳ ಬಾಗಿಲಿಗೆ ಹೋಗಬೇಕಾಯಿತು. ಎರಡು ವರ್ಷದ ಹಿಂದೆ ಏಟು ತಿಂದವರು ಬಾಗಿಲು ತೆರೆಯಲಿಲ್ಲ. ತೆರೆದವರಿಗೂ ಇದನ್ನು ಆಫೀಸಿನ ಕಂಪ್ಯೂಟರ್ ಅನ್ನಬೇಕೋ, ಆಟದ ಮೆಷಿನ್ ಅನ್ನಬೇಕೋ ತಿಳಿಯಲಿಲ್ಲ, ಕಂಪನಿಯೂ ಸರಿಯಾಗಿ ಹೇಳಿಕೊಡಲಿಲ್ಲ. ಮೊದಲ ಅಮಿಗಾ ಅಮೆರಿಕದಲ್ಲಿ ನಿರೀಕ್ಷೆಯಷ್ಟು ಹೋಗಲಿಲ್ಲ. ಬೇರೆ ಕಾರಣಗಳೂ ಇದ್ದವು, ಪ್ರೋಗ್ರಾಂಗಳು ಕಮ್ಮಿ ಇದ್ದವು, ಕಂಪನಿಯ ಹತ್ತಿರ ದುಡ್ಡು ಕಮ್ಮಿ ಇತ್ತು. ಆದರೆ ನನಗೆ ಅತಿ ದೊಡ್ಡ ನಷ್ಟ ಅಂತ ಕಾಣುವುದು ಮಾರುವವರ ವಿಶ್ವಾಸ ಕಳೆದುಕೊಂಡದ್ದು. ಬೆಲೆ ಇಳಿಸಿ ಮಾರುವುದು, ಜನಕ್ಕೆ ಆಗಲೇ ಗೊತ್ತಿರುವ ವಸ್ತುವಿಗೆ ಸರಿ. ಕಮೋಡೋರ್ 64 ರಾಶಿ ರಾಶಿ ಹೋಗುವ ಹೊತ್ತಿಗೆ ಪ್ರತಿ ಬೀದಿಯಲ್ಲೂ ಅದನ್ನು ಬಲ್ಲ ಒಂದು ಮಗು ಇತ್ತು. ಹೊಸದಕ್ಕೆ ಅಂಥ ಮಗು ಇರುವುದಿಲ್ಲ.

ಐಬಿಎಂ ಕಂಪನಿಯ ಪಿಸಿ ಜೂನಿಯರ್ ಬಗ್ಗೆ ಒಂದೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. 1983ರ ನವೆಂಬರ್‌ನಲ್ಲಿ ಘೋಷಣೆ, ಕ್ರಿಸ್‌ಮಸ್ ವ್ಯಾಪಾರ ಮುಗಿದ ಮೇಲೆ ಅಂಗಡಿಗೆ ಬಂತು. ಕೀಬೋರ್ಡಿನ ಗುಂಡಿಗಳು ಚ್ಯೂಯಿಂಗ್ ಗಮ್ ತುಂಡುಗಳ ಹಾಗೆ ಬಿಡಿಬಿಡಿಯಾಗಿದ್ದವು, ಟೈಪ್ ಮಾಡುವುದು ಕಷ್ಟ. ಅದೇ ಅಂಗಡಿಯಲ್ಲಿ ಪಕ್ಕದಲ್ಲೇ ಐಬಿಎಂನ ದೊಡ್ಡ ಪಿಸಿ ಅದರ ಒಳ್ಳೆ ಕೀಬೋರ್ಡಿನ ಜೊತೆ ಕೂತಿರುತ್ತಿತ್ತು. ಗಿರಾಕಿ ಎರಡನ್ನೂ ಒಂದೊಂದು ಸಲ ಒತ್ತಿ ನೋಡಿದರೆ ಮುಗಿಯಿತು. 1985ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿದರು. ವಸ್ತುವಿನಲ್ಲೇ ಕೊರತೆ ಇದ್ದರೆ ಸೇಲ್ಸ್‌ನವರನ್ನು ದೂರಬಾರದು ಅನ್ನುವುದಕ್ಕೆ ಇದನ್ನು ಹೇಳಿದೆ.

ಈಗ ತೊಂಬತ್ತರ ದಶಕ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ನಿಮ್ಮ ಇವತ್ತಿನ ಶೋರೂಮುಗಳು ಹುಟ್ಟಿದ್ದು ಆ ಕಾಲದ ಅಂಗಡಿಗಳ ಅಚ್ಚಿನಲ್ಲೇ.

1992ರಲ್ಲಿ ಆಪಲ್ ಕಂಪನಿ ಮ್ಯಾಕ್ ಅನ್ನುವ ತನ್ನ ಕಂಪ್ಯೂಟರುಗಳನ್ನು ಮನೆ ಬಳಕೆಗೆ ಪರ್ಫಾರ್ಮಾ ಅನ್ನುವ ಹೆಸರಿನಲ್ಲಿ ತಂದಿತು. ಸಿಯರ್ಸ್, ಸರ್ಕ್ಯೂಟ್ ಸಿಟಿಯಂಥ ಅಂಗಡಿಗಳಲ್ಲಿ ಫ್ರಿಜ್, ಟಿವಿ ಜೊತೆಗೆ ಇವೂ ನಿಂತವು. ಒಂದೇ ಮೆಷಿನ್‌ಗೆ ಹತ್ತಾರು ನಂಬರು. 6214, 6216, 6218, 6220, ಹೀಗೆ. ಒಳಗೆ ಬಹುಮಟ್ಟಿಗೆ ಒಂದೇ ಕಂಪ್ಯೂಟರ್, ಜೊತೆಗೆ ಕೊಡುವ ಪ್ರೋಗ್ರಾಂ, ಮಾನಿಟರ್, ಮೋಡೆಮ್ ಇಂಥದ್ದರಲ್ಲಿ ಸಣ್ಣಪುಟ್ಟ ಬದಲಾವಣೆ. ಗಿರಾಕಿ ಬಂದು ಇದಕ್ಕೂ ಅದಕ್ಕೂ ಏನಪ್ಪಾ ವ್ಯತ್ಯಾಸ ಅಂತ ಕೇಳಿದರೆ ಸೇಲ್ಸ್‌ನವರು ಏನು ಹೇಳಬೇಕು? ಗೊತ್ತಿಲ್ಲದಿದ್ದನ್ನು ಕೇಳಿದರೆ ಮನುಷ್ಯ ಏನು ಮಾಡುತ್ತಾನೆ? ಗೊತ್ತಿರುವ ಕಡೆಗೆ ಕರೆದುಕೊಂಡು ಹೋಗುತ್ತಾನೆ. ಬನ್ನಿ ಸರ್, ಈ ಕಡೆ ವಿಂಡೋಸ್ ಇದೆ.

ಹಣದ ಲೆಕ್ಕ ಬೇರೆ ಇತ್ತು. ಅಮೆರಿಕದ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಹಳ ಜನಕ್ಕೆ ಕಮಿಷನ್ನೇ ಜೀವನ. ಅದರ ಮೇಲೆ ಕಂಪನಿಗಳು ನೇರವಾಗಿ ಸೇಲ್ಸ್‌ನವರಿಗೆ ಕೊಡುವ ಸಣ್ಣ ಬಹುಮಾನಕ್ಕೆ ಅಲ್ಲಿ ಸ್ಪಿಫ್ ಅನ್ನುತ್ತಾರೆ. ಈ ವಾರ ಈ ಬ್ರ್ಯಾಂಡಿನ ಮಾನಿಟರ್ ಮಾರಿದರೆ ಇಷ್ಟು ಡಾಲರ್ ಕೈಗೆ. ನಮ್ಮಲ್ಲಿ ಇನ್ಸೆಂಟಿವ್ ಅನ್ನುವುದಿಲ್ಲವೇ, ಅದೇ. ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಅಂಗಡಿಗೆ ಮಾರ್ಜಿನ್ ಜಾಸ್ತಿ, ಹಾಗಾಗಿ ಅದಕ್ಕೆ ಟಾರ್ಗೆಟ್ ಬೇರೆ. ಈಗ ಯೋಚನೆ ಮಾಡಿ. ಭಾನುವಾರ ಮಧ್ಯಾಹ್ನ, ಅಂಗಡಿ ತುಂಬ ಜನ. ಹೊಸ ಬಗೆಯ ಕಂಪ್ಯೂಟರ್ ಬಗ್ಗೆ ಒಬ್ಬರಿಗೆ ಅರ್ಧ ಗಂಟೆ ವಿವರಿಸುವ ಹೊತ್ತಿನಲ್ಲಿ ಗೊತ್ತಿರುವ ಮೂರು ಪಿಸಿ ಬಿಲ್ ಮಾಡಬಹುದು. ಮೂರಕ್ಕೂ ವಾರಂಟಿ ಸೇರಿಸಬಹುದು. ಮನೆಯಲ್ಲಿ ಬಾಡಿಗೆ ಕಟ್ಟಬೇಕಾದ ಹುಡುಗ ಯಾವುದನ್ನು ಮಾಡುತ್ತಾನೆ? ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತೇನೆ.

ಆ ವರ್ಷಗಳಲ್ಲಿ ಮ್ಯಾಕ್ ಬಳಸುವವರು ಮತ್ತೆ ಮತ್ತೆ ಹೇಳಿದ ದೂರು ಒಂದೇ. ಅಂಗಡಿಗೆ ಹೋದರೆ ಮ್ಯಾಕ್ ಮೂಲೆಯಲ್ಲಿರುತ್ತದೆ, ಆಫ್ ಆಗಿರುತ್ತದೆ, ಇಲ್ಲವೇ ಹ್ಯಾಂಗ್ ಆಗಿ ನಿಂತಿರುತ್ತದೆ, ಮೌಸ್ ಕಿತ್ತುಹೋಗಿರುತ್ತದೆ. ಕೇಳಿದರೆ ಪಿಸಿ ತಗೊಳ್ಳಿ ಅನ್ನುತ್ತಾರೆ. 1997ರ ಹಣಕಾಸು ವರ್ಷದಲ್ಲಿ ಆಪಲ್‌ಗೆ 100 ಕೋಟಿ ಡಾಲರಿಗಿಂತ ಜಾಸ್ತಿ ನಷ್ಟ. ನಷ್ಟಕ್ಕೆ ಕಾರಣ ಅಂಗಡಿ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಕಂಪನಿಗೆ ಮರಳಿ ಬಂದ ಸ್ಟೀವ್ ಜಾಬ್ಸ್ ಮೊದಲ ವರ್ಷದಲ್ಲೇ ಕೈ ಹಾಕಿದ ಕೆಲಸಗಳಲ್ಲಿ ಅಂಗಡಿಯೂ ಒಂದು. 1997ರ ನವೆಂಬರ್‌ನಲ್ಲಿ ಕಾಂಪ್‌ಯುಎಸ್‌ಎ ಅನ್ನುವ ಅಂಗಡಿಗಳ ಒಳಗೆ ಆಪಲ್‌ಗೇ ಒಂದು ಪ್ರತ್ಯೇಕ ಜಾಗ ಮಾಡಿಸುವುದಾಗಿ ಹೇಳಿದರು, ಅಂಗಡಿಯೊಳಗೊಂದು ಅಂಗಡಿ. ಮರುವರ್ಷದ ಆರಂಭದಲ್ಲಿ ಬೇರೆ ದೊಡ್ಡ ಸರಣಿ ಅಂಗಡಿಗಳಿಗೆ ಮ್ಯಾಕ್ ಕೊಡುವುದನ್ನೇ ನಿಲ್ಲಿಸಿದರು. ಅಷ್ಟು ನಷ್ಟದಲ್ಲಿರುವ ಕಂಪನಿ ನೂರಾರು ಅಂಗಡಿಗಳಿಂದ ಹೊರಬರುವುದು ಅಂದರೆ ಸುಮ್ನೆ ಮಾತಲ್ಲ. ಕೆಟ್ಟದಾಗಿ ತೋರಿಸುವುದಕ್ಕಿಂತ ತೋರಿಸದೇ ಇರುವುದು ವಾಸಿ ಅಂತ ಅವರಿಗೆ ಅನ್ನಿಸಿರಬೇಕು.

1998ರ ಆಗಸ್ಟ್ 15ಕ್ಕೆ ಐಮ್ಯಾಕ್ ಬಂತು, 1,299 ಡಾಲರ್. ಅದನ್ನು ಅಂಗಡಿಯ ಕಣ್ಣಿನಿಂದ ನೋಡಿ. ಮಾನಿಟರ್ ಮತ್ತು ಕಂಪ್ಯೂಟರ್ ಒಂದೇ ಡಬ್ಬ. ಮೇಲೆ ಒಂದು ಹಿಡಿ. ಹತ್ತಾರು ಮಾಡೆಲ್ ನಂಬರುಗಳ ಗೋಜಿಲ್ಲ. ಅದರ ಜಾಹೀರಾತಿನಲ್ಲಿ ಇಂಟರ್ನೆಟ್‌ಗೆ ಹೋಗುವುದಕ್ಕೆ ಎರಡೇ ಹೆಜ್ಜೆ, ಮೂರನೇ ಹೆಜ್ಜೆಯೇ ಇಲ್ಲ ಅಂತ ಹೇಳುತ್ತಿದ್ದರು. ಮನೆಯವರಿಗೆ ಸುಲಭವಾದ ಹಾಗೆಯೇ ಮಾರುವವರಿಗೂ ಸುಲಭವಾಯಿತು, ವಿವರಿಸುವುದಕ್ಕೆ ತೊಡಕಾದದ್ದು ಕಮ್ಮಿಯಾಯಿತು.

ಆದರೆ ಒಂದು ಪ್ರಶ್ನೆ ಬಂದೇ ಬರುತ್ತಿತ್ತು. ಫ್ಲಾಪಿ ಎಲ್ಲಿ ಹಾಕುವುದು? ಫೈಲ್ ಇಟ್ಟುಕೊಂಡು ಒಯ್ಯುವ ತೆಳ್ಳನೆಯ ಡಿಸ್ಕ್ ಅದು, ಐಮ್ಯಾಕ್‌ನಲ್ಲಿ ಅದನ್ನು ಹಾಕುವ ಡ್ರೈವ್ ಇರಲಿಲ್ಲ. 1998ರಲ್ಲಿ ಇದು ದೊಡ್ಡ ವಿಷಯ. ಕಲಿಯದ ಹುಡುಗ ಇದಕ್ಕೆ ಇಲ್ಲ ಸರ್, ಇದರಲ್ಲಿ ಬರಲ್ಲ ಅನ್ನುತ್ತಾನೆ. ಗಿರಾಕಿಗೆ ಅಲ್ಲಿಗೆ ಸಾಕು. ಕಲಿತ ಹುಡುಗ ತಿರುಗಿ ಕೇಳುತ್ತಾನೆ, ಮೇಡಂ, ನೀವು ಫ್ಲಾಪಿಯನ್ನು ಯಾವುದಕ್ಕೆ ಬಳಸುತ್ತೀರಿ? ಸ್ಕೂಲಿನ ಫೈಲ್ ತರುವುದಕ್ಕಾ? ಈಮೇಲ್‌ನಲ್ಲಿ ಕಳಿಸಬಹುದು ಅಂತ ಅಲ್ಲೇ ಕಳಿಸಿ ತೋರಿಸುತ್ತಾನೆ. ಹಳೇ ಫ್ಲಾಪಿ ಡಬ್ಬದಷ್ಟಿವೆಯಾ? ಯುಎಸ್‌ಬಿಗೆ ಸಿಕ್ಕಿಸುವ, ಹಳೇ ಫ್ಲಾಪಿಯನ್ನೂ ಓದುವ ಸೂಪರ್‌ಡಿಸ್ಕ್ ಡ್ರೈವ್ ಇದೆ, ಅದನ್ನೂ ಇಮೇಷನ್ ಕಂಪನಿ ಐಮ್ಯಾಕ್‌ನ ನೀಲಿ ಬಣ್ಣದಲ್ಲೇ ಮಾಡಿದೆ ಅಂತ ತಂದು ಪಕ್ಕದಲ್ಲಿ ಇಡುತ್ತಾನೆ. ವ್ಯಾಪಾರ ಉಳಿಯಿತು, ಜೊತೆಗೆ ಇನ್ನೊಂದು ವಸ್ತುವೂ ಹೋಯಿತು. ಮೊದಲ ಆರು ವಾರದಲ್ಲಿ 2,78,000 ಐಮ್ಯಾಕ್ ಮಾರಾಟವಾಯಿತು. ಕೊಂಡವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನಕ್ಕೆ ಅದು ಮೊದಲ ಕಂಪ್ಯೂಟರ್ ಅಂತ ಆಗಿನ ಸಮೀಕ್ಷೆ ಹೇಳಿತು. ಮೊದಲ ಸಲ ಕೊಳ್ಳುವವರೇ ಸೇಲ್ಸ್‌ನವರ ಮುಖ ಜಾಸ್ತಿ ನೋಡುವುದು.

ಕಮಿಷನ್ ವಿಷಯ ಬಂದಿತಲ್ಲ, ಅದನ್ನು ಮುಗಿಸಿಬಿಡುತ್ತೇನೆ. ಕಮಿಷನ್ ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ತಿಳಿಯಬೇಡಿ. ಬೆಸ್ಟ್ ಬೈ ಅನ್ನುವ ಸರಣಿ 1989ರಲ್ಲೇ ಕಮಿಷನ್ ನಿಲ್ಲಿಸಿತು, ಚೆನ್ನಾಗಿ ಬೆಳೆಯಿತು. ಸರ್ಕ್ಯೂಟ್ ಸಿಟಿ 2003ರಲ್ಲಿ ಅದನ್ನೇ ಮಾಡಿತು. ಹೇಗೆ ಮಾಡಿತು ನೋಡಿ. ಕಮಿಷನ್ ಮೇಲಿದ್ದ 3,900 ಜನರನ್ನು ಒಂದೇ ಏಟಿಗೆ ಮನೆಗೆ ಕಳಿಸಿತು. 2007ರಲ್ಲಿ ಇನ್ನೂ 3,400 ಜನರನ್ನು ತೆಗೆಯಿತು, ಅವರ ಸಂಬಳ ಜಾಸ್ತಿ ಅನ್ನುವುದೇ ಕಾರಣ. ಸಂಬಳ ಜಾಸ್ತಿ ಇದ್ದವರು ಯಾರು? ವರ್ಷಗಟ್ಟಲೆ ನಿಂತು ಎಲ್ಲ ಕಲಿತವರು. ದೊಡ್ಡ ಟಿವಿಗೂ ಕಂಪ್ಯೂಟರಿಗೂ ಇರುವ ವೈರುಗಳ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು. 2008ರ ನವೆಂಬರ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು, 2009ರಲ್ಲಿ ಬಾಗಿಲು ಮುಚ್ಚಿತು. ಆ ವರ್ಷ ಇಡೀ ದೇಶದಲ್ಲೇ ಹಣದ ಬಿಕ್ಕಟ್ಟು ಇತ್ತು, ನಿಜ. ಆದರೂ ಅನುಭವ ಇರುವವರನ್ನು ಖರ್ಚು ಅಂತ ಲೆಕ್ಕ ಹಾಕಿ ಹೊರಗೆ ಕಳಿಸಿದ್ದು ನನಗೆ ಇವತ್ತಿಗೂ ಸಹಿಸುವುದಕ್ಕಾಗುವುದಿಲ್ಲ.

2001ರ ಮೇ 19ಕ್ಕೆ ಆಪಲ್ ತನ್ನದೇ ಮೊದಲ ಎರಡು ಅಂಗಡಿ ತೆರೆಯಿತು, ವರ್ಜೀನಿಯಾದಲ್ಲಿ ಒಂದು, ಕ್ಯಾಲಿಫೋರ್ನಿಯಾದಲ್ಲಿ ಒಂದು. ಮೊದಲ ಎರಡು ದಿನಕ್ಕೆ 7,700 ಜನ ಬಂದರು, 5,99,000 ಡಾಲರ್ ವ್ಯಾಪಾರವಾಯಿತು. ಅದನ್ನು ಕಟ್ಟಿದ ರಾನ್ ಜಾನ್ಸನ್ ಮೊದಲು ಟಾರ್ಗೆಟ್ ಅನ್ನುವ ಸರಣಿ ಅಂಗಡಿಗಳಲ್ಲಿ ಇದ್ದವರು. ಸಿಬ್ಬಂದಿಗೆ ಕಮಿಷನ್ ಇಲ್ಲ. ಎಲ್ಲ ಮೆಷಿನ್ ಆನ್, ಇಂಟರ್ನೆಟ್ ಇದೆ, ಯಾರು ಬೇಕಾದರೂ ಕೂತು ಮುಟ್ಟಬಹುದು. ಹಿಂದೆ ಒಂದು ಕಟ್ಟೆ, ಜೀನಿಯಸ್ ಬಾರ್ ಅಂತ. ಕೊಂಡ ಮೇಲೆ ಬರುವ ತೊಂದರೆ ಕೇಳುವುದಕ್ಕೆ. ಕೊಳ್ಳುವ ಮುಂಚೆಯೇ ಗಿರಾಕಿ ಅದನ್ನು ನೋಡುತ್ತಾರೆ. ಕೆಟ್ಟರೆ ಇಲ್ಲಿಗೆ ಬರಬಹುದು. 1977ರಲ್ಲಿ ರೇಡಿಯೋ ಶ್ಯಾಕ್ ಕೊಟ್ಟಿದ್ದ ಧೈರ್ಯವೇ ಅದು.

ಅದೇ ಹೊತ್ತಿನಲ್ಲಿ ಗೇಟ್‌ವೇ ಕಂಪನಿಗೂ ಸ್ವಂತ ಅಂಗಡಿಗಳಿದ್ದವು. ಗಿರಾಕಿ ನೋಡಿ, ಮಾತಾಡಿ, ಆರ್ಡರ್ ಕೊಟ್ಟು ಬರಿಗೈಯಲ್ಲಿ ಹೋಗಬೇಕಿತ್ತು. ಕಂಪ್ಯೂಟರ್ ಆಮೇಲೆ ಮನೆಗೆ ಬರುತ್ತಿತ್ತು. 2004ರಲ್ಲಿ ಉಳಿದಿದ್ದ 188 ಅಂಗಡಿಗಳನ್ನೂ ಮುಚ್ಚಿದರು. ಡೆಲ್ ಕಂಪನಿಯಂತೂ ವರ್ಷಗಟ್ಟಲೆ ಅಂಗಡಿಯೇ ಇಲ್ಲದೆ ಫೋನು, ಇಂಟರ್ನೆಟ್‌ನಲ್ಲೇ ಮಾರಿ ಗೆದ್ದಿತು. ಇದು ನನ್ನ ಮಾತಿಗೆ ವಿರುದ್ಧ ಅಂತ ನಿಮಗೆ ಅನ್ನಿಸಬಹುದು. ಆದರೆ ಡೆಲ್ ಮಾರಿದ್ದು ಯಾವುದನ್ನು? ಎಲ್ಲರಿಗೂ ಗೊತ್ತಿದ್ದ ವಿಂಡೋಸ್ ಪಿಸಿಯನ್ನು, ಹೆಚ್ಚಾಗಿ ಆಫೀಸುಗಳಿಗೆ ಮತ್ತು ಎರಡನೇ ಮೂರನೇ ಸಲ ಕೊಳ್ಳುವವರಿಗೆ. ಅವರಿಗೆ ಬಿಚ್ಚಿ ತೋರಿಸುವವರು ಬೇಕಿರಲಿಲ್ಲ. 2007ರಲ್ಲಿ ಡೆಲ್ ಕೂಡ ವಾಲ್‌ಮಾರ್ಟ್ ಅಂಗಡಿಗಳಿಗೆ ಬಂತು.

ನಮ್ಮೂರಿಗೆ ಬರೋಣ. ಬೆಂಗಳೂರಿನ ಎಸ್‌.ಪಿ. ರೋಡ್ ಗೊತ್ತಲ್ಲ. ಕರ್ನಾಟಕದ ಎಷ್ಟೋ ಮನೆಗಳ ಮೊದಲ ಕಂಪ್ಯೂಟರ್ ಅಲ್ಲೇ ಅಸೆಂಬಲ್ ಆದದ್ದು. ಅಂಗಡಿಯ ಹುಡುಗ ಒಂದು ಚೀಟಿಯಲ್ಲಿ ಪ್ರಾಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಕ್ಯಾಬಿನೆಟ್, ಯುಪಿಎಸ್ ಅಂತ ಸಾಲಾಗಿ ಬರೆದು ಕೆಳಗೆ ಮೊತ್ತ ಹಾಕಿ ಕೊಡುತ್ತಿದ್ದ. ಊರಿಂದ ಬಂದ ಅಪ್ಪ ಮಗ ಆ ಚೀಟಿ ಹಿಡಿದು ಪಕ್ಕದ ಅಂಗಡಿಗೆ ಹೋಗಿ ಹೋಲಿಸುತ್ತಿದ್ದರು. ಆ ಹುಡುಗರ ಜ್ಞಾನ ದೊಡ್ಡದು. ಯಾವ ಬೋರ್ಡಿಗೆ ಯಾವ ರ‍್ಯಾಮ್ ಕೂರುತ್ತದೆ ಅಂತ ನಿದ್ದೆಯಲ್ಲೂ ಹೇಳುತ್ತಿದ್ದರು. ಆದರೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, ಬಜೆಟ್ ಎಷ್ಟು ಸರ್? ಯಾವುದಕ್ಕೆ ಬೇಕು, ಮನೆಯಲ್ಲಿ ಯಾರು ಬಳಸುತ್ತಾರೆ ಅನ್ನುವುದು ಆಮೇಲೆ, ಎಷ್ಟೋ ಸಲ ಬರುತ್ತಲೇ ಇರಲಿಲ್ಲ. ಇವತ್ತಿನ ಶೋರೂಮಿನಲ್ಲೂ ಅಷ್ಟೇ ಅಲ್ವಾ? ಮೇಲಾಗಿ ಅಲ್ಲಿ ನಿಂತಿರುವ ಕೆಲವರು ಅಂಗಡಿಯವರೇ ಅಲ್ಲ, ಒಂದು ಬ್ರ್ಯಾಂಡ್ ಕಳಿಸಿದ ಪ್ರಮೋಟರ್‌ಗಳು. ಗಿರಾಕಿಗೆ ಅದು ಗೊತ್ತಿರುವುದಿಲ್ಲ. ಅವರು ತಮ್ಮ ಬ್ರ್ಯಾಂಡನ್ನು ಚೆನ್ನಾಗಿಯೇ ತೋರಿಸುತ್ತಾರೆ, ಪಕ್ಕದ್ದು ಈ ಮನೆಗೆ ಸರಿಹೊಂದಿದರೂ ಆ ಕಡೆ ಕರೆದುಕೊಂಡು ಹೋಗುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಬೆಂಗಳೂರಿನ ಮಾಲ್‌ಗಳಲ್ಲಿ ತುಮಕೂರಿಂದಲೋ ಕನಕಪುರದಿಂದಲೋ ಬಂದವರು ಕನ್ನಡದಲ್ಲಿ ಕೇಳುತ್ತಾರೆ, ಉತ್ತರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರುತ್ತದೆ. ಅರ್ಥ ಆಗುವುದಿಲ್ಲ ಅಂತಲ್ಲ. ಆದರೆ ಎರಡನೇ ಪ್ರಶ್ನೆ ಕೇಳುವುದಕ್ಕೆ ಅವರಿಗೆ ಮುಜುಗರ. ಮಗಳ ಓದಿಗೆ ಇದು ಸಾಕಾ, ಊರಲ್ಲಿ ಕರೆಂಟ್ ಹೋದರೆ ಎಷ್ಟು ಹೊತ್ತು ಬರುತ್ತದೆ, ಕನ್ನಡದಲ್ಲಿ ಟೈಪ್ ಮಾಡಬಹುದಾ, ಇವೆಲ್ಲ ಬಾಯಲ್ಲೇ ಉಳಿಯುತ್ತವೆ. ವ್ಯಾಪಾರ ಕೆಡುವುದು ಅಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಹೆಬ್ಬಾಳದಲ್ಲಿ ಆಪಲ್‌ನ ಸ್ವಂತ ಅಂಗಡಿಯೂ ಬಂತು. ಅಷ್ಟು ದೊಡ್ಡ ಅಂಗಡಿ ಇರಲಿ, ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಅಂಗಡಿ ಇರಲಿ, ಡೆಮೊ ಲ್ಯಾಪ್‌ಟಾಪಿನಲ್ಲಿ ಕನ್ನಡ ಕೀಬೋರ್ಡ್ ಆನ್ ಮಾಡಿ ಇಡುವುದಕ್ಕೆ ಐದು ನಿಮಿಷ ಸಾಕು. ಗಿರಾಕಿಯ ಕೈಗೆ ಕೊಟ್ಟು ಅವರ ಊರಿನ ಹೆಸರು ಬರೆಯಲು ಹೇಳಿ. ಡೆಮೊ ಮೆಷಿನ್ನಿನ ಪಾಸ್‌ವರ್ಡ್ ಮ್ಯಾನೇಜರಿಗೆ ಮಾತ್ರ ಗೊತ್ತಿದ್ದು ಅವರು ಊಟಕ್ಕೆ ಹೋಗಿದ್ದರೆ ಇದು ಆಗುವುದಿಲ್ಲ. ಹಾಗಾಗಿ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರಲಿ.

ಮಾಲೀಕರೊಬ್ಬರು ಮಾತಿಗೆ ಮುಂಚೆ ನನ್ನನ್ನು ಕೇಳಿದರು. ಸರ್, ದುಡ್ಡು ಖರ್ಚು ಮಾಡಿ ಹುಡುಗನಿಗೆ ಕಲಿಸುತ್ತೇವೆ, ಆರು ತಿಂಗಳಿಗೆ ಎರಡು ಸಾವಿರ ಜಾಸ್ತಿ ಕೊಡುತ್ತಾರೆ ಅಂತ ಪಕ್ಕದ ಶೋರೂಮಿಗೆ ಹೋಗುತ್ತಾನೆ, ಏನು ಮಾಡೋದು? ಅವರಿಗೆ ನನ್ನ ಉತ್ತರ ಇದು. ಅವನು ಹೋಗುವುದು ಕಲಿತಿದ್ದಕ್ಕಲ್ಲ, ಕಲಿತ ಮೇಲೂ ಸಂಬಳ ಅಷ್ಟೇ ಇದ್ದದ್ದಕ್ಕೆ. ಟ್ಯಾಂಡಿಯವರು ಮ್ಯಾನೇಜರಿಗೆ ಅಂಗಡಿಯ ಲಾಭದಲ್ಲಿ ಪಾಲು ಕೊಟ್ಟರು. ನೀವು ಅಷ್ಟು ಮಾಡಬೇಕಿಲ್ಲ. ಬಿಲ್ ಎಷ್ಟಾಯಿತು ಅನ್ನುವುದರ ಜೊತೆಗೆ, ಅವನು ಮಾರಿದ್ದರಲ್ಲಿ ಎಷ್ಟು ವಾಪಸ್ ಬರಲಿಲ್ಲ, ಅವನನ್ನೇ ಕೇಳಿಕೊಂಡು ಎಷ್ಟು ಜನ ಮತ್ತೆ ಬಂದರು ಅನ್ನುವುದನ್ನೂ ಬರೆದಿಡಿ. ಇನ್ಸೆಂಟಿವ್‌ನ ಒಂದು ಭಾಗವನ್ನು ಆ ಲೆಕ್ಕಕ್ಕೆ ಕಟ್ಟಿ. ಹೊಸ ಮಾಡೆಲ್ ಬಂದ ವಾರ ಅವನಿಗೆ ಟಾರ್ಗೆಟ್ ಹಾಕಬೇಡಿ. ಆ ವಾರ ಒಂದು ರಾತ್ರಿ ಮೆಷಿನ್ನನ್ನು ಅವನ ಮನೆಗೆ ಕಳಿಸಿಕೊಡಿ. ಅವನ ತಂಗಿ, ಅವನ ಅಮ್ಮ ಅದನ್ನು ಮುಟ್ಟಿ ಏನೇನು ಕೇಳುತ್ತಾರೋ, ಮರುದಿನ ನಿಮ್ಮ ಗಿರಾಕಿ ಕೇಳುವುದೂ ಬಹುಪಾಲು ಅದನ್ನೇ.